ಎರೆನೆಲದ ಹಸಿರುಬೇಲಿ: ಕಟ್ಟುವ ಕ್ರಮ, ಕಾಯುವ ಕ್ರಮ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಸೀಮೆಯ ಎರೆನೆಲ ಭತ್ತದ ಕಣಜವಾಯಿತೆಂಬುದು ಸರ್ವವಿದಿತವಾದ ಸಂಗತಿಯಾದರೂ, ಜೋಳ ಹತ್ತಿಗಳ ಕಾಲದಲ್ಲಿ ಹೊಲದಂಚಿಗೆ ತಾನೇ ತಾನಾಗಿ ಬೆಳೆದಿದ್ದ ಬೇವು, ಕರಿಜಾಲಿ, ಬಾರೆ, ಲೆಕ್ಕಿಗಳ ಸಾಲು ಗದ್ದೆಯ ಮಟ್ಟಕ್ಕಾಗಿ ನೆಲಸಮವಾದುದನ್ನು ಲೆಕ್ಕಕ್ಕೆ ಹಿಡಿದವರು ವಿರಳ. ಪೂರ್ವಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು ನೆಲೆನಿಂತ ಆರ್.ಎಚ್. ಕ್ಯಾಂಪುಗಳಲ್ಲಾಗಲಿ, ಲಿಂಗಸುಗೂರು ಮಸ್ಕಿಗಳ ಕಡೆಯ ಒಣಬೇಸಾಯದ ಊರುಗಳಲ್ಲಾಗಲಿ, ಶ್ರಮದಾನಕ್ಕೆ ಒದಗುವ ಯುವಕರಿಗೂ ವಿದ್ಯಾರ್ಥಿಗಳಿಗೂ ಕೊರತೆಯಿಲ್ಲ. ಕೊರತೆಯಿರುವುದು ಕ್ರಮಕ್ಕೆ. ಗುಂಡಿ ತೋಡಿ, ಸಸಿ ನೆಟ್ಟು, ಫೋಟೋ ತೆಗೆಸಿಕೊಂಡು ಹೊರಟುಹೋದರೆ ಆ ಸಸಿ ಮುಂದಿನ ಬೇಸಗೆಯೊಳಗೆ ಆಡಿನ ಪಾಲಾಗುವುದು ನಿಶ್ಚಿತ; ಆದುದರಿಂದ ಈ ಲೇಖನದಲ್ಲಿ ನೆಡುವ ದಿನದ ಮಾತಿಗಿಂತ ಅದರ ಹಿಂದುಮುಂದಿನ ತಿಂಗಳುಗಳ ಮಾತೇ ಅಧಿಕವಾಗಿದೆ.

ಮೊದಲನೆಯ ಕಾರ್ಯ ನಡೆದು ನೋಡುವುದು. ಮಾಘ ಫಾಲ್ಗುಣಗಳಲ್ಲಿ, ಬಿಸಿಲು ಏರುವ ಮುನ್ನ, ಶಾಲೆಯ ಆವರಣ, ಮನೆಯ ಹಿತ್ತಲು, ಬಂಡಿದಾರಿ, ಹಳ್ಳದ ದಂಡೆಗಳನ್ನು ಸುತ್ತಿ, ಎಲ್ಲಿ ಯಾವ ಗಿಡ ಇನ್ನೂ ಜೀವ ಹಿಡಿದಿದೆಯೆಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡತಕ್ಕದ್ದು. ಇದ್ದ ಬೇಲಿಯನ್ನು ಉಳಿಸುವುದು ಹೊಸ ಬೇಲಿಯನ್ನು ಎಬ್ಬಿಸುವುದಕ್ಕಿಂತ ಎಷ್ಟೋ ಸುಲಭ. ಅದರೊಡನೆಯೇ ಜಾಗ ಯಾರದೆಂಬುದನ್ನೂ ವಿಚಾರಿಸಿ, ಹೊಲವಾದರೆ ಒಡೆಯನ, ಗೋಮಾಳವಾದರೆ ಕಂದಾಯ ಇಲಾಖೆಯ ಮತ್ತು ಗ್ರಾಮ ಪಂಚಾಯಿತಿಯ ಒಪ್ಪಿಗೆಯನ್ನು ಪಡೆಯಬೇಕು. ಕಾಲುವೆಯ ಏರಿಯ ಮೇಲೆ ಮಾತ್ರ ಏನನ್ನೂ ನೆಡಲಾಗದು; ಬೇರು ಹೊಕ್ಕ ಏರಿ ಸೋರುತ್ತದೆ. ದೊಡ್ಡ ಮರವನ್ನು ಕಡಿಯುವ ಪ್ರಸಂಗ ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯನ್ನು ನೆನೆದು, ವಲಯ ಅರಣ್ಯಾಧಿಕಾರಿಯವರನ್ನು ಕೇಳದೆ ಕೊಡಲಿ ಎತ್ತಬಾರದು.

ಎರಡನೆಯದು ಬಳ್ಳಾರಿ ಜಾಲಿಯ ನಿವಾರಣೆ. ಬುಡಕ್ಕೆ ಕಡಿದರೆ ಒಂದಕ್ಕೆ ಹತ್ತಾಗಿ ಚಿಗುರುವ ಈ ಗಿಡದ ಜೀವಾಳ ನೆಲದ ಮೇಲಿಲ್ಲ, ಮಣ್ಣಿನೊಳಗೆ ಗೇಣುದ್ದದವರೆಗೆ ಇಳಿದ ಬೇರಿನ ಗಡ್ಡೆಯಲ್ಲಿದೆ. ಸುತ್ತ ಮಣ್ಣನ್ನು ಹಾರೆಯಿಂದ ಬಿಡಿಸಿ, ಗಡ್ಡೆಯ ಕೆಳಗೆ ಕಡಿದು ಎತ್ತಿ ಹಾಕಿದರಷ್ಟೇ ಅದು ಸಾಯುತ್ತದೆ. ಕೆಲಸ ನಿಧಾನದ್ದು, ಒಂದೇ ವರ್ಷ ಇಡೀ ಹಳ್ಳವನ್ನು ಬೋಳುಮಾಡುವ ಹಟವೂ ಸಲ್ಲದು, ಏಕೆಂದರೆ ಬೇರೆ ಮರೆಯಿಲ್ಲದ ಕಡೆ ಮೊಲ, ಮುಂಗುಸಿ, ಗೌಜಲಹಕ್ಕಿಗಳಿಗೆ ಆ ಮುಳ್ಳಿನ ಪೊದೆಯೇ ಆಸರೆಯಾಗಿರುತ್ತದೆ. ಈ ವರ್ಷ ಒಂದು ಪಟ್ಟಿ, ಅದರಲ್ಲಿ ಹೊಸ ಗಿಡ ಹಿಡಿದ ಮೇಲೆ ಮುಂದಿನ ಪಟ್ಟಿ. ಕಡಿದ ಮುಳ್ಳನ್ನು ಸುಡಬೇಡಿ. ಕವೆಗೋಲಿನಿಂದ ಒತ್ತಿ ಒಂದು ಕಡೆ ಒಟ್ಟಿಡಿ, ಮಳೆಗಾಲದಲ್ಲಿ ಸಸಿಗಳ ಕಾವಲಿಗೆ ಅದಕ್ಕಿಂತ ಒಳ್ಳೆಯ ಬೇಲಿ ದುಡ್ಡಿಗೂ ಸಿಕ್ಕದು. ಹವಾಯಿ ಚಪ್ಪಲಿಯನ್ನು ಈ ಮುಳ್ಳು ಲೀಲಾಜಾಲವಾಗಿ ತೂರಿಬರುವುದರಿಂದ ಗಟ್ಟಿ ಬೂಟು ಅನಿವಾರ್ಯ. ಗದ್ದೆಯ ಬದುಗಳಲ್ಲಿ ಕೊಳಕುಮಂಡಲ ಹಾವು ಇರುವುದುಂಟು. ಪೊದೆಗೆ ಕೈಯಿಡುವ ಮೊದಲು ಉದ್ದನೆಯ ಕೋಲಿನಿಂದ ಬಡಿದು ನೋಡಿ, ಕಚ್ಚಿದರೆ ಮಂತ್ರ ಮದ್ದೆಂದು ಹೊತ್ತುಗಳೆಯದೆ ನೇರವಾಗಿ ತಾಲೂಕು ಆಸ್ಪತ್ರೆಗೆ ಒಯ್ಯಿರಿ.

ಕಡಿಯುವ, ಸವರುವ ಕೆಲಸಗಳೆಲ್ಲವೂ ಬೇಸಗೆ ಬಲಿಯುವುದರೊಳಗೆ ಮುಗಿಯಬೇಕು. ಹಳ್ಳದ ದಂಡೆಯ ಜಾಲಿಗೂ ಈಚಲಿಗೂ ಗೀಜಗ ಗೂಡು ಕಟ್ಟುವುದು ಮಳೆಗಾಲದಲ್ಲಿ. ಹುಲ್ಲಿನೆಳೆಯನ್ನು ಕೊಕ್ಕಿನಿಂದ ಸೀಳಿ, ನೀರಿನ ಮೇಲಕ್ಕೆ ಬಾಗಿದ ಕೊಂಬೆಯ ತುದಿಗೆ ಸುತ್ತಿ, ಗಂಡುಹಕ್ಕಿ ಹೆಣೆಯತೊಡಗಿದ ಮೇಲೆ ಆ ಕೊಂಬೆಯ ಹತ್ತಿರ ಮಚ್ಚು ಸುಳಿಯಬಾರದು.

ಮೂರನೆಯದು ಗಿಡದ ಆಯ್ಕೆ. ಇಲ್ಲಿಯೇ ಬಹುಮಂದಿ ಎಡವುತ್ತಾರೆ. ನೀರು ನಿಂತು ಸವಳಾದ ಭೂಮಿಯಲ್ಲಿ ಬೇವು ಬದುಕಲಾರದು; ಅಲ್ಲಿಗೆ ಹೊಂಗೆ ಮತ್ತು ಕರಿಜಾಲಿಯೇ ತಕ್ಕವು. ಒಣಭೂಮಿಯ ಬದುವಿಗೆ ಲೆಕ್ಕಿ, ಸೀತಾಫಲ, ಕವಳಿ, ಕತ್ತಾಳೆ. ಲೆಕ್ಕಿಯ ಎಲೆಯ ಕಟುವಾಸನೆಗೂ ಸೀತಾಫಲದ ಎಲೆಯ ಒಗರಿಗೂ ಆಡು ಬಾಯಿ ಹಾಕದೆಂಬುದು ಅವುಗಳ ಮುಖ್ಯ ಅರ್ಹತೆ. ಭತ್ತದ ಗದ್ದೆಯ ಬದುವಿಗೆ ಗೊಬ್ಬರದ ಗಿಡವಾದ ಗ್ಲಿರಿಸಿಡಿಯಾ ಒಳ್ಳೆಯದು. ಸವರಿದ ಸೊಪ್ಪನ್ನು ಗದ್ದೆಗೆ ತುಳಿಯಬಹುದು. ಕಳ್ಳಿ ನೆಡುವವರು ಅದರ ಹಾಲು ಕಣ್ಣಿಗೆ ಸಿಡಿಯದಂತೆ ಎಚ್ಚರ ವಹಿಸಬೇಕು. ಎತ್ತರದ ಮರಗಳನ್ನು ಗದ್ದೆಯ ಬಡಗಣ ಅಂಚಿಗೆ ನೆಟ್ಟರೆ ನೆರಳು ನಮ್ಮ ಪೈರಿನ ಮೇಲೆ ಅಷ್ಟಾಗಿ ಬೀಳದು, ನಿಜ. ಆದರೆ ಅದು ನೆರೆಯವನ ಪೈರಿನ ಮೇಲೆ ಬೀಳುವುದರಿಂದ, ಬಡಗಣಕ್ಕೆ ದಾರಿಯೋ ಹಳ್ಳವೋ ಇದ್ದಲ್ಲಿ ಮಾತ್ರ ಈ ಉಪಾಯ ಲೇಸು.

ನಾಟಿಯ ಕೆಲಸ ನೆಲ ಚೆನ್ನಾಗಿ ನೆನೆದ ಮೇಲೆ, ಆಷಾಢ ಶ್ರಾವಣಗಳಲ್ಲಿ. ಒಂದಡಿ ಅಗಲ, ಒಂದಡಿ ಆಳದ ಕಾಲುವೆ ತೋಡಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ಹೆಬ್ಬೆರಳ ಗಾತ್ರದ, ಮೊಳದುದ್ದದ ಲೆಕ್ಕಿಯ ಕಡ್ಡಿಗಳನ್ನು ಅಡಿಗೊಂದರಂತೆ ಎರಡು ಸಾಲಾಗಿ ನೆಡಿರಿ. ಒಂದು ಸಾಲಿನ ಎರಡು ಕಡ್ಡಿಗಳ ನಡುವಣ ತೆರಪಿಗೆ ಎದುರಾಗಿ ಇನ್ನೊಂದು ಸಾಲಿನ ಕಡ್ಡಿ ಬರಬೇಕು. ಬುಡದ ತುದಿಯನ್ನು ಓರೆಯಾಗಿಯೂ ಮೇಲಿನದನ್ನು ನೇರವಾಗಿಯೂ ಕತ್ತರಿಸಿಟ್ಟುಕೊಂಡರೆ ತಲೆಕೆಳಗಾಗಿ ನೆಡುವ ಪ್ರಮಾದ ತಪ್ಪುತ್ತದೆ. ಮೂರರಲ್ಲಿ ಎರಡು ಪಾಲು ಮಣ್ಣೊಳಗಿರಲಿ.

ಎರೆನೆಲದ ನಿಜವಾದ ಶತ್ರು ಬೇಸಗೆಯ ಬಿರುಕು. ಅಂಗೈ ಅಗಲಕ್ಕೆ ಬಾಯಿಬಿಡುವ ನೆಲ ಎಳೆಯ ಬೇರನ್ನು ಹರಿದು ಹಾಕುತ್ತದೆ. ಗದ್ದೆಗಳಲ್ಲಿ ಸುಟ್ಟುಹೋಗುವ ಭತ್ತದ ಹುಲ್ಲನ್ನು ತಂದು ಸಾಲಿನುದ್ದಕ್ಕೂ ದಪ್ಪನಾಗಿ ಹಾಸಿದರೆ ತೇವ ಉಳಿಯುತ್ತದೆ, ಬಿರುಕು ತಗ್ಗುತ್ತದೆ. ಗೆದ್ದಲಿನ ಭಯಕ್ಕಾಗಿ ಹುಲ್ಲು ಬುಡದಿಂದ ನಾಲ್ಕು ಬೆರಳು ದೂರವಿರಲಿ. ಎಡದಂಡೆ ಕಾಲುವೆಗೆ ನೀರು ಬರುವುದು ನಿಂತ ಮೇಲೆ ವಾರಕ್ಕೊಮ್ಮೆ ಕೊಡದಲ್ಲಿ ನೀರು ಹೊರಲು ಯಾರು ಯಾವ ವಾರ ಬರುವರೆಂಬ ಪಟ್ಟಿಯನ್ನು ನಾಟಿಯ ದಿನವೇ ಬರೆದು ಸಹಿ ಹಾಕಿಸಿಕೊಳ್ಳಿ. ಪಟ್ಟಿಗೆ ಹೆಸರು ಸಾಲದಿದ್ದರೆ ಸಾಲಿನ ಉದ್ದವನ್ನೇ ಮೊಟಕುಗೊಳಿಸುವುದು ವಿವೇಕ.

ಎರಡನೆಯ ವರ್ಷ ಗಿಡಗಳನ್ನು ಮೊಣಕಾಲೆತ್ತರಕ್ಕೆ ಸವರಿದರೆ ಬುಡ ದಟ್ಟವಾಗುತ್ತದೆ. ಇಂಗ್ಲೆಂಡಿನಲ್ಲಿ ಗಿಡದ ಕಾಂಡವನ್ನು ಬುಡದಲ್ಲಿ ಬಹುಪಾಲು ಸೀಳಿ, ತೊಗಟೆಯ ಆಧಾರದಲ್ಲಿ ಓರೆಯಾಗಿ ಬಗ್ಗಿಸಿ ಬೇಲಿ ಹೆಣೆಯುವ ಹಳೆಯ ವಿದ್ಯೆಯಿದೆ. 1959ರಲ್ಲಿ ಬಾಕ್ಸ್ ಹಿಲ್ ಎಂಬಲ್ಲಿ ಪೊದೆ ಸವರುವ ಕೆಲಸದಿಂದ ಆರಂಭವಾದ ಸ್ವಯಂಸೇವಕ ಪಡೆಯ ಪರಂಪರೆಯವರು ಚಳಿಗಾಲದಲ್ಲಿ ಅದನ್ನು ಕಲಿಸುತ್ತ ಬಂದವರು. ನಮ್ಮ ಬಿಸಿಲಿಗೆ ಸೀಳಿದ ಕಾಂಡ ಒಣಗೀತು. ಲೆಕ್ಕಿಯ ಎಳೆಯ ರೆಂಬೆಗಳನ್ನು ಸೀಳದೆಯೇ ಅಡ್ಡಲಾಗಿ ಹೆಣೆದು, ಬಿದಿರ ದಬ್ಬೆಗೆ ನಾರಿನಿಂದ ಕಟ್ಟಿದರೆ ಸಾಕು. ಬಿದಿರು ಸೀಳಿ ಹೆಣೆಯುವ ಕೈಚಳಕ ಬಲ್ಲ ಹಿರಿಯರು ಕ್ಯಾಂಪಿನಲ್ಲಿದ್ದರೆ, ಅವರನ್ನು ಕುಳ್ಳಿರಿಸಿ ಹುಡುಗರು ಕಲಿಯಲಿ.

ಸಸಿ ಬೇಕಾದವರು ಮುಂಗಾರಿಗೆ ಕಾಯದೆ ಬೇಸಗೆಯಲ್ಲೇ ವಲಯ ಅರಣ್ಯ ಕಚೇರಿಯಲ್ಲಿ ಬೇಡಿಕೆ ಸಲ್ಲಿಸಿರಿ. ಸ್ವಂತ ಜಮೀನಿನ ಬದುವಿಗೆ ನೆಡುವ ರೈತರು ಪಹಣಿ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳೊಡನೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಗೆ ಹೆಸರು ನೋಂದಾಯಿಸಬಹುದು. 2011-12ರಿಂದ ನಡೆದುಬಂದ ಆ ಯೋಜನೆಯ ಪ್ರೋತ್ಸಾಹಧನ ಸಿಗುವುದು ನೆಟ್ಟ ಸಸಿಗಲ್ಲ, ಮೂರು ವರ್ಷಗಳಲ್ಲಿ ಎಣಿಸಿದಾಗ ಬದುಕಿರುವ ಸಸಿಗೆ.