ಸರೋವರಗಳ ಸೀಮೆಗೆ ಹೊರಟಿದ್ದೀರಾ? ಒಂದೂರಲ್ಲಿ ನಿಲ್ಲಿ

ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಅವರಿಗೆ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ತೋರಿಸಬೇಕು ಎಂದು ನೀವು ಹೊರಡುವುದು ಒಳ್ಳೆಯದೇ. ಆದರೆ ಹೊರಡುವ ರೀತಿ ಮಾತ್ರ ನನಗೆ ಒಪ್ಪಿಗೆಯಾಗಿಲ್ಲ. ಶನಿವಾರ ನಸುಕಿನಲ್ಲಿ ಬರ್ಮಿಂಗ್‌ಹ್ಯಾಮ್ ಬಿಡುವುದು, ಮೂರು ಗಂಟೆ ಕಾರಿನಲ್ಲಿ ಕೂರುವುದು, ಒಂದೇ ಹಗಲಲ್ಲಿ ಐದು ಸರೋವರ ನಾಲ್ಕು ಊರು ಮುಗಿಸಿ ರಾತ್ರಿಯೊಳಗೆ ಮನೆ ಸೇರುವುದು. ಪ್ರತಿ ಊರಲ್ಲೂ ಅರ್ಧ ಗಂಟೆ ಪಾರ್ಕಿಂಗ್ ಜಾಗ ಹುಡುಕಿ, ಹತ್ತು ನಿಮಿಷ ಫೋಟೊ ತೆಗೆದು, ಮತ್ತೆ ಕಾರು ಹತ್ತಿಸಿದರೆ ಆ ಹಿರಿಯರು ಕಂಡದ್ದಾದರೂ ಏನು? ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ.

ನನ್ನ ಮಾತು ಕೇಳಿ. ಒಂದು ಊರು ಆರಿಸಿಕೊಳ್ಳಿ, ಅಲ್ಲಿ ಎರಡು ರಾತ್ರಿಯಾದರೂ ಉಳಿಯಿರಿ. ಕಾರನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ, ದೋಣಿಯಲ್ಲಿ, ಕಾಲ್ನಡಿಗೆಯಲ್ಲಿ ಓಡಾಡಿ. ಈ ಸೀಮೆಯನ್ನು 1951ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಸಾರಿದರು, 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಹಾಗೆಂದು ನಮ್ಮ ಬಂಡೀಪುರದಂತೆ ಗೇಟು ಹಾಕಿ ಕಾಯುವ ಕಾಡು ಎಂದುಕೊಳ್ಳಬೇಡಿ. ಸುಮಾರು 40,000 ಜನ ಅಲ್ಲಿ ಮನೆಮಾಡಿಕೊಂಡಿದ್ದಾರೆ, ಕುರಿ ಸಾಕುತ್ತಾರೆ, ಅವರ ಮಕ್ಕಳು ಅಲ್ಲೇ ಶಾಲೆಗೆ ಹೋಗುತ್ತಾರೆ. ನೀವು ಹೋಗುತ್ತಿರುವುದು ಇನ್ನೊಬ್ಬರ ಊರಿಗೆ. ಇದೊಂದು ನೆನಪಿದ್ದರೆ ನಾನು ಮುಂದೆ ಹೇಳುವುದರಲ್ಲಿ ಅರ್ಧ ನಿಮಗೇ ಹೊಳೆಯುತ್ತದೆ.

ಬಹಳ ಜನ ಹೆಸರು ನೋಡಿ ವಿಂಡರ್‌ಮಿಯರ್ ಊರಲ್ಲಿ ಕೋಣೆ ಹಿಡಿಯುತ್ತಾರೆ. ರೈಲು ಅಲ್ಲಿಗೇ ಹೋಗುತ್ತದೆ, ನಿಜ. ಆಕ್ಸನ್‌ಹೋಮ್‌ನಲ್ಲಿ ಗಾಡಿ ಬದಲಿಸಿದರೆ ಆಯಿತು, 1847ರಿಂದಲೂ ಆ ಹಳಿ ಇದೆ. ಆದರೆ ನಿಲ್ದಾಣದಿಂದ ಹೊರಬಂದರೆ ನೀರು ಕಾಣುವುದಿಲ್ಲ. ಸರೋವರದ ದಂಡೆ ಇರುವುದು ಕೆಳಗೆ ಎರಡು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿ, ಬೋನೆಸ್ ಎಂಬ ಊರಲ್ಲಿ. ಮಂಡಿ ನೋವಿನ ಹಿರಿಯರನ್ನು ಸಾಮಾನು ಸಮೇತ ಅಷ್ಟು ದೂರ ನಡೆಸಬೇಡಿ, ನಿಲ್ದಾಣದ ಮುಂದೆಯೇ ಬಸ್ಸು ಸಿಗುತ್ತದೆ. ಬೋನೆಸ್‌ನಲ್ಲಿ ದೋಣಿಗಳಿವೆ, ಐಸ್ ಕ್ರೀಮ್ ಇದೆ, ಹಂಸಗಳಿವೆ, ಜನಜಂಗುಳಿಯೂ ಇದೆ. ಮಕ್ಕಳಿಗೆ ಹಿಡಿಸುತ್ತದೆ, ಒಂದು ಹೊತ್ತಿಗೆ ಸಾಕು. ಕಾಲಿನಲ್ಲಿ ಕಸುವಿರುವವರು ನಿಲ್ದಾಣದ ಎದುರಿನ ದಾರಿ ಹಿಡಿದು ಆರೆಸ್ಟ್ ಹೆಡ್ ಗುಡ್ಡ ಹತ್ತಿ. ಅರ್ಧ ಗಂಟೆಯ ಏರು. 17 ಕಿಲೋಮೀಟರ್ ಉದ್ದದ ಸರೋವರ, ಅದರಾಚೆ ಬೆಟ್ಟದ ಸಾಲು ಎಲ್ಲ ಒಟ್ಟಿಗೆ ಕಾಣುತ್ತವೆ. ಅಷ್ಟು ಕಡಿಮೆ ಶ್ರಮಕ್ಕೆ ಅಷ್ಟು ದೊಡ್ಡ ನೋಟ ಆ ಸೀಮೆಯಲ್ಲಿ ಇನ್ನೆಲ್ಲೂ ಇಲ್ಲ ಎಂದೇ ನನ್ನ ಅಭಿಪ್ರಾಯ.

ಉಳಿಯಲು ಯಾವ ಊರು ಎಂದು ಕೇಳಿದರೆ, ಹಿರಿಯರಿದ್ದರೆ ಗ್ರಾಸ್‌ಮಿಯರ್ ಅಥವಾ ಆಂಬಲ್‌ಸೈಡ್, ನಡೆಯುವ ಹುರುಪಿನವರಾದರೆ ಕೆಸ್ವಿಕ್ ಎನ್ನುತ್ತೇನೆ. ಕೆಂಡಲ್‌ನಿಂದ ಕೆಸ್ವಿಕ್‌ವರೆಗೆ ಓಡುವ 555ನೇ ನಂಬರಿನ ಬಸ್ಸು ಈ ಮೂರೂ ಊರುಗಳನ್ನು ಹಾದುಹೋಗುತ್ತದೆ. ಮೇಲಿನ ಅಂತಸ್ತಿನ ಮುಂದಿನ ಸೀಟಿನಲ್ಲಿ ಅಮ್ಮನನ್ನು ಕೂರಿಸಿ, ಕಲ್ಲಿನ ಗೋಡೆಗಳಾಚೆಯ ನೋಟ ಕಾರಿನಿಂದ ಕಾಣುವುದಿಲ್ಲ.

ಗ್ರಾಸ್‌ಮಿಯರ್ ಕವಿ ವರ್ಡ್ಸ್‌ವರ್ತ್ ಬಾಳಿದ ಊರು. ಡವ್ ಕಾಟೇಜ್ ಎಂಬ ಸಣ್ಣ ಮನೆಯಲ್ಲಿ ಅವರು 1799ರಿಂದ 1808ರವರೆಗೆ ಇದ್ದರು. ಸೇಂಟ್ ಆಸ್ವಾಲ್ಡ್ ಚರ್ಚಿನ ಅಂಗಳದಲ್ಲಿ ಅವರ ಸಮಾಧಿಯಿದೆ. ಅದು ಜನ ಪ್ರಾರ್ಥನೆಗೆ ಬರುವ ಜಾಗ, ಮಕ್ಕಳು ಸಮಾಧಿಗಳ ಮೇಲೆ ಹತ್ತದಂತೆ ನೋಡಿಕೊಳ್ಳಿ. ಪಕ್ಕದಲ್ಲೇ 1854ರಿಂದ ನಡೆದುಬಂದ ಶುಂಠಿ ಬ್ರೆಡ್ಡಿನ ಅಂಗಡಿಯಿದೆ. ಒಳಗೆ ನಿಲ್ಲಲು ಮೂರ್ನಾಲ್ಕು ಜನಕ್ಕಷ್ಟೇ ಜಾಗ, ಸರದಿಯಲ್ಲಿ ತಾಳ್ಮೆಯಿಂದ ನಿಲ್ಲಿ. ಶಾಲೆಯಲ್ಲಿ ಓದಿದ ಡ್ಯಾಫೊಡಿಲ್ ಹೂಗಳ ಪದ್ಯ ನೆನಪಾಗಿ ಆಗಸ್ಟಿನಲ್ಲಿ ಹೂ ಹುಡುಕುವವರಿಗೂ ಒಂದು ಮಾತು. ಕವಿಯೂ ಅವರ ತಂಗಿ ಡೊರೊತಿಯೂ ಆ ಹೂಗಳನ್ನು ಕಂಡದ್ದು 1802ರ ಏಪ್ರಿಲ್ 15ರಂದು, ಅದೂ ಗ್ರಾಸ್‌ಮಿಯರ್‌ನಲ್ಲಲ್ಲ, ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ. ಹೂವೇ ಬೇಕಾದರೆ ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಹೋಗಿ, ಗ್ಲೆನ್‌ರಿಡಿಂಗ್ ಹಳ್ಳಿಯಿಂದ ದಂಡೆಗುಂಟ ನಡೆಯಿರಿ.

ಹಾಕ್ಸ್‌ಹೆಡ್ ಪುಟ್ಟ ಊರು. ಓಣಿಗಳು ಇಕ್ಕಟ್ಟು, ಕಾರನ್ನು ಊರ ಹೊರಗೇ ನಿಲ್ಲಿಸಬೇಕು. ವರ್ಡ್ಸ್‌ವರ್ತ್ ಹುಡುಗನಾಗಿದ್ದಾಗ ಓದಿದ ಶಾಲೆ ಅಲ್ಲಿದೆ. ಮಕ್ಕಳ ಕಥೆಗಳ ಬಿಯಾಟ್ರಿಕ್ಸ್ ಪಾಟರ್ 1905ರಲ್ಲಿ ಕೊಂಡ ಹಿಲ್ ಟಾಪ್ ಮನೆ ಹತ್ತಿರದ ನಿಯರ್ ಸಾರಿ ಹಳ್ಳಿಯಲ್ಲಿದೆ. ಮನೆ ಚಿಕ್ಕದು, ಟಿಕೆಟಿನಲ್ಲಿ ನಮೂದಿಸಿದ ಹೊತ್ತಿಗೇ ಒಳಗೆ ಬಿಡುತ್ತಾರೆ. ಮೊದಲೇ ಕಾದಿರಿಸದೆ ಹೋಗಿ ಬಾಗಿಲಲ್ಲಿ ವಾದಕ್ಕೆ ನಿಲ್ಲಬೇಡಿ. ಆ ತಾಯಿ 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ಭೂಮಿಯನ್ನು ನ್ಯಾಷನಲ್ ಟ್ರಸ್ಟಿಗೆ ಬಿಟ್ಟುಹೋದರು. ಅಲ್ಲೆಲ್ಲ ಸೈಟು ಎದ್ದಿಲ್ಲ, ಇನ್ನೂ ಕುರಿ ಮೇಯುತ್ತಿವೆ ಎಂದರೆ ಅದರಲ್ಲಿ ಅವರ ಪಾಲು ದೊಡ್ಡದು.

ನಮ್ಮವರು ತಪ್ಪದೆ ಹೋಗಬೇಕಾದ ಊರು, ಆದರೆ ಯಾರೂ ಹೋಗದ ಊರು, ಕಾನಿಸ್ಟನ್. ಲೇಖಕ ಜಾನ್ ರಸ್ಕಿನ್ 1871ರಲ್ಲಿ ಕೊಂಡು, 1900ರಲ್ಲಿ ಸಾಯುವವರೆಗೂ ಬಾಳಿದ ಬ್ರಾಂಟ್‌ವುಡ್ ಮನೆ ಅಲ್ಲಿನ ಸರೋವರದ ಪೂರ್ವ ದಂಡೆಯಲ್ಲಿದೆ. ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿ 1904ರಲ್ಲಿ ರೈಲು ಪ್ರಯಾಣದ ರಾತ್ರಿ ನಿದ್ದೆಗೆಟ್ಟು ಓದಿದ್ದು ಇವರದೇ 'ಅನ್ ಟು ದಿಸ್ ಲಾಸ್ಟ್'. ಅದರ ಸಾರವನ್ನು 1908ರಲ್ಲಿ ಗುಜರಾತಿಗೆ ತಂದು 'ಸರ್ವೋದಯ' ಎಂದು ಹೆಸರಿಟ್ಟರು. ನಮ್ಮ ನಾಡಿನ ಎಷ್ಟು ಊರುಗಳಲ್ಲಿ ಆ ಸರ್ವೋದಯದ ಹೆಸರಿನಲ್ಲಿ ಮೇಳ ನಡೆದಿದೆ, ನಿಮ್ಮ ಅಪ್ಪನನ್ನೇ ಕೇಳಿ. ಕಾನಿಸ್ಟನ್ ಕಡೆಯಿಂದ ದೋಣಿಯಲ್ಲೇ ಆ ಮನೆಗೆ ಹೋಗಬಹುದು. ರಸ್ಕಿನ್ ಸಮಾಧಿ ಊರಿನ ಚರ್ಚಿನ ಅಂಗಳದಲ್ಲಿದೆ. ಶಾಪಿಂಗಿಗೆ ಕೊಡುವ ಎರಡು ಗಂಟೆಯನ್ನು ದಯವಿಟ್ಟು ಇಲ್ಲಿಗೆ ಕೊಡಿ.

ಕೆಸ್ವಿಕ್‌ನಲ್ಲಿ ಉಳಿದರೆ ಡರ್ವೆಂಟ್‌ವಾಟರ್ ದಂಡೆಯ ಫ್ರಯರ್ಸ್ ಕ್ರ್ಯಾಗ್‌ವರೆಗೆ ಹಿರಿಯರೂ ಆರಾಮವಾಗಿ ನಡೆಯಬಹುದು. ಗಾಲಿಕುರ್ಚಿಗೂ ತಳ್ಳುಗಾಡಿಗೂ ಒಗ್ಗುವ ದಾರಿಗಳನ್ನು ಉದ್ಯಾನದವರೇ ಗುರುತಿಸಿಟ್ಟಿದ್ದಾರೆ, ಮಾಹಿತಿ ಕೇಂದ್ರದಲ್ಲಿ ಕೇಳಿ. ನಾಚಿಕೆ ಬೇಡ. ಅಲ್ಲಿಂದ ಮುಂದಕ್ಕೆ ಬಾರೋಡೇಲ್ ಕಣಿವೆ, ಅದರ ತುದಿಯಲ್ಲಿ ಸೀಥ್‌ವೇಟ್ ಎಂಬ ಹಳ್ಳಿ. ಇಂಗ್ಲೆಂಡಿನಲ್ಲಿ ಜನವಸತಿ ಇರುವ ಜಾಗಗಳಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಅಲ್ಲೇ, ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ. ನಮ್ಮ ಆಗುಂಬೆಯವರಿಗೆ ಇದು ದೊಡ್ಡ ಲೆಕ್ಕವಲ್ಲದಿರಬಹುದು. ಆದರೆ ಆಗುಂಬೆಯ ಮಳೆ ಕಾಲ ನೋಡಿ ಬರುತ್ತದೆ, ಇದು ವರ್ಷವಿಡೀ ಬರುತ್ತದೆ, ಗಾಳಿ ಸೇರಿಸಿಕೊಂಡು ತಣ್ಣಗೆ ಬರುತ್ತದೆ. ಕೊಡೆ ಎರಡು ನಿಮಿಷಕ್ಕೆ ಮಗುಚಿಕೊಳ್ಳುತ್ತದೆ. ಟೊಪ್ಪಿಯಿರುವ ಮಳೆ ಅಂಗಿ ಪ್ರತಿಯೊಬ್ಬರಿಗೂ ಇರಲಿ, ಜುಲೈ ಆದರೂ ಸರಿ.

ಈಗ ಬೆಟ್ಟದ ಮಾತು. ದೂರದ ಬೆಟ್ಟ ನುಣ್ಣಗೆ. ಇಂಗ್ಲೆಂಡಿನ ಅತಿ ಎತ್ತರದ ಸ್ಕಾಫೆಲ್ ಪೈಕ್ ಬರೀ 978 ಮೀಟರ್, ನಮ್ಮ ಮುಳ್ಳಯ್ಯನಗಿರಿ ಅದರ ಎರಡರಷ್ಟು ಎಂದು ನೀವು ಹಗುರವಾಗಿ ಮಾತಾಡುತ್ತೀರಿ. ಮುಳ್ಳಯ್ಯನಗಿರಿಯಲ್ಲಿ ತುದಿಯ ಹತ್ತಿರದವರೆಗೆ ಜೀಪು ಹೋಗುತ್ತದೆ. ಇಲ್ಲಿ ಬುಡದಿಂದ ನಡೆಯಬೇಕು, ಕಲ್ಲು ಜಾರುತ್ತದೆ, ಕೆಳಗೆ ಬಿಸಿಲಿದ್ದಾಗಲೇ ಮೇಲೆ ಮಂಜು ಕವಿದು ಹತ್ತು ಹೆಜ್ಜೆ ಮುಂದಿನದು ಕಾಣುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ ಬಿಳಿ ಸ್ನೀಕರ್ಸ್, ತೆಳು ಜಾಕೆಟ್ ಹಾಕಿ ಫೋನಿನ ನಕ್ಷೆ ನಂಬಿ ಹೊರಡಬೇಡಿ. ಸಿಗ್ನಲ್ ಹೋಗುತ್ತದೆ, ಚಳಿಗೆ ಬ್ಯಾಟರಿಯೂ ಹೋಗುತ್ತದೆ. ಕಾಗದದ ನಕ್ಷೆ, ಟಾರ್ಚು, ಹಿಡಿತವಿರುವ ಬೂಟು, ಒಂದು ಹೆಚ್ಚಿನ ಸ್ವೆಟರ್ ಬೇಕೇ ಬೇಕು. ಮೊದಲ ಸಲದವರಿಗೆ ಕೆಸ್ವಿಕ್ ಎದುರಿನ 451 ಮೀಟರಿನ ಕ್ಯಾಟ್‌ಬೆಲ್ಸ್ ಸಾಕು, ಅದರಲ್ಲೂ ಒಂದೆರಡು ಕಡೆ ಕೈ ಊರಿ ಹತ್ತಬೇಕು. ಹೆಲ್ವೆಲಿನ್ ಬೆಟ್ಟದ ಸ್ಟ್ರೈಡಿಂಗ್ ಎಡ್ಜ್ ಎಂಬ ಕತ್ತಿಯಂಚಿನ ದಾರಿಯಲ್ಲಿ ಜನ ಸತ್ತಿದ್ದಾರೆ. ರೀಲ್ಸ್ ನೋಡಿ ಅಲ್ಲಿಗೆ ಹೋಗಬೇಡಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕರೊಳಗೆ ಸೂರ್ಯ ಮುಳುಗುತ್ತಾನೆ, ಮಧ್ಯಾಹ್ನ ಊಟ ಮುಗಿಸಿ ಬೆಟ್ಟ ಹತ್ತುವ ಯೋಚನೆಯೇ ಬೇಡ. ಅಪಾಯವಾದರೆ 999ಕ್ಕೆ ಕರೆ ಮಾಡಿ, ಪೊಲೀಸರನ್ನು ಕೇಳಿ, ಅವರಿಗೆ ಮೌಂಟನ್ ರೆಸ್ಕ್ಯೂ ಬೇಕು ಎಂದು ಹೇಳಿ. ಆ ತಂಡದವರು ಸಂಬಳವಿಲ್ಲದ ಸ್ವಯಂಸೇವಕರು. ಊಟದ ತಟ್ಟೆ ಬಿಟ್ಟು ಕತ್ತಲಲ್ಲಿ ಬೆಟ್ಟ ಹತ್ತುತ್ತಾರೆ.

ನೀರಿನ ವಿಷಯ ಇನ್ನೂ ಗಟ್ಟಿಯಾಗಿ ಹೇಳಬೇಕು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂಬ ಗಾದೆ ಈ ಸರೋವರಗಳಲ್ಲಿ ನಡೆಯುವುದಿಲ್ಲ. ಬೇಸಿಗೆಯ ಬಿಸಿಲಿನಲ್ಲೂ ದಂಡೆ ದಾಟಿದರೆ ನೀರು ಕೊರೆಯುತ್ತದೆ. ಥಟ್ಟನೆ ಹಾರಿದರೆ ಉಸಿರು ಹಿಡಿತ ತಪ್ಪಿ ನೀರು ಒಳಗೆ ಹೋಗುತ್ತದೆ, ಈಜು ಬಲ್ಲವರೂ ಹೀಗೇ ಮುಳುಗುವುದು. ನಾಲ್ಕು ಹೆಜ್ಜೆಗೆ ಮೊಣಕಾಲುದ್ದ ಇದ್ದ ನೀರು ಐದನೆಯದಕ್ಕೆ ಆಳವಾಗಬಹುದು. ಹುಡುಗರು ದೋಣಿ ಹತ್ತಿದರೆ ಲೈಫ್ ಜಾಕೆಟ್ ಹಾಕಲೇಬೇಕು, ಅದರಲ್ಲಿ ಚರ್ಚೆ ಇಲ್ಲ. ಅಕಸ್ಮಾತ್ ಬಿದ್ದರೆ ಕೈಕಾಲು ಬಡಿಯದೆ ಅಂಗಾತ ತೇಲಿ, ಉಸಿರು ಹತೋಟಿಗೆ ಬಂದ ಮೇಲೆ ದಂಡೆ ನೋಡಿ. ಇದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿಕೊಟ್ಟು ಹೊರಡಿ. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಆಗುತ್ತದೆಯೇ?

ಹೊಲದ ಗೇಟು ಮುಚ್ಚಿದ್ದರೆ ದಾಟಿ ಮುಚ್ಚಿ, ತೆರೆದಿದ್ದರೆ ಹಾಗೇ ಬಿಡಿ. ಕಲ್ಲಿನ ಗೋಡೆಗಳಿಗೆ ಗಾರೆಯಿಲ್ಲ, ಹತ್ತಿದರೆ ಕುಸಿಯುತ್ತವೆ, ಮತ್ತೆ ಕಟ್ಟಬೇಕಾದವನು ರೈತ. ಹರ್ಡ್‌ವಿಕ್ ಕುರಿಗಳು ತಾಯಿಯಿಂದ ಕಲಿತ ತಮ್ಮ ಬೆಟ್ಟದ ಎಲ್ಲೆಯನ್ನು ಬೇಲಿಯಿಲ್ಲದೆಯೇ ಗುರುತಿಟ್ಟುಕೊಂಡಿರುತ್ತವೆ. ಸೆಲ್ಫಿಗಾಗಿ ಅಟ್ಟಿಸಿಕೊಂಡು ಹೋಗಿ ಅವುಗಳನ್ನು ಚದುರಿಸಬೇಡಿ. ಹುಲ್ಲಿನ ಮೇಲೆ ಇದ್ದಿಲು ಒಲೆ ಹಚ್ಚಬೇಡಿ. ಇಕ್ಕಟ್ಟು ದಾರಿಯಲ್ಲಿ ಎದುರು ಬಂದವರಿಗೆ ಹಿಂದೆ ಸರಿದು ಜಾಗ ಕೊಡಿ, ದಾರಿ ಕೊಡಲೆಂದು ಮಾಡಿದ ಆ ಅಗಲದ ಜಾಗಗಳಲ್ಲಿ ಕಾರು ನಿಲ್ಲಿಸಿ ಊಟದ ಡಬ್ಬಿ ತೆರೆಯಬೇಡಿ. ಜಿಪಿಎಸ್ ಹಾರ್ಡ್‌ನಾಟ್ ಘಾಟಿಯ ದಾರಿ ತೋರಿಸಿದರೆ ಕೇಳಬೇಡಿ. ಮೂರು ಅಡಿಗೆ ಒಂದು ಅಡಿ ಏರುವ ರಸ್ತೆ ಅದು, ಹೊಸಬರಿಗಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ. ಹಳ್ಳಿಯ ಪಬ್ಬುಗಳಲ್ಲಿ ಅಡುಗೆಮನೆ ಮಧ್ಯಾಹ್ನ ಎರಡೂವರೆಗೆ, ರಾತ್ರಿ ಎಂಟೂವರೆ ಒಂಬತ್ತಕ್ಕೆ ಮುಚ್ಚುವುದು ರೂಢಿ. ರಾತ್ರಿ ಹತ್ತಕ್ಕೆ ಊಟ ಹುಡುಕಿದರೆ ಚಿಪ್ಸ್ ಪೊಟ್ಟಣವೇ ಗತಿ. ಬುತ್ತಿಗೆ ಚಪಾತಿ, ಚಿತ್ರಾನ್ನ ಒಯ್ಯಿರಿ. ಬಾಡಿಗೆ ಮನೆಯಲ್ಲಿ ಅಡುಗೆ ಮಾಡುವುದಾದರೆ ಒಗ್ಗರಣೆಗೆ ಮೊದಲು ಕಿಟಕಿ ತೆರೆದು ಫ್ಯಾನು ಹಾಕಿ, ಇಲ್ಲದಿದ್ದರೆ ಹೊಗೆಯ ಅಲಾರಂ ಕೂಗಿ ಪಕ್ಕದ ಮನೆಯವರೂ ಬೀದಿಗೆ ಬರುತ್ತಾರೆ.

ಶಾಲಾ ರಜೆಯ ಜುಲೈ, ಆಗಸ್ಟಿನಲ್ಲಿ ಕೋಣೆ ಸಿಗುವುದು ಕಷ್ಟ, ಬೆಲೆಯೂ ಹೆಚ್ಚು. ಮೇ ಮೊದಲರ್ಧ ಅಥವಾ ಸೆಪ್ಟೆಂಬರ್ ಆರಿಸಿಕೊಳ್ಳಿ, ಮಧ್ಯವಾರದ ಎರಡು ದಿನ ರಜೆ ಹಾಕಿ, ಅಪ್ಪ ಅಮ್ಮನ ಟಿಕೆಟ್ ತೆಗೆಸುವ ದಿನವೇ ಕೋಣೆಯನ್ನೂ ಕಾದಿರಿಸಿಬಿಡಿ.