ಇರುವುದಕ್ಕೆಲ್ಲ ಗುರುತು ಹಾಕು

ಪುಟ್ಟೀ, ಮಗನನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸುವ ಫಾರಂ ಎಲ್ಲ ತುಂಬಿ, ಜನಾಂಗ ಕೇಳುವ ಪುಟದ ಹತ್ತಿರ ಪೆನ್ನು ಕೆಳಗಿಟ್ಟು ಕೂತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ನಿನ್ನ ಭಯ ನನಗೆ ಗೊತ್ತು. ನಮ್ಮೂರ ಶಾಲೆಯ ಜಾತಿ ಕಾಲಂ ಕಣ್ಣ ಮುಂದೆ ಬಂದಿರುತ್ತದೆ. ಅಲ್ಲಿ ಹೆಡ್‌ಮಾಸ್ಟರು ಬರೆದದ್ದು ಟಿ.ಸಿ.ಗೆ ಇಳಿಯುತ್ತದೆ, ತಹಶೀಲ್ದಾರರ ಕಚೇರಿಯವರೆಗೂ ಬೆನ್ನು ಹತ್ತುತ್ತದೆ, ತಿದ್ದಿಸಬೇಕಾದರೆ ಚಪ್ಪಲಿ ಸವೆಸಬೇಕು. ಕ್ಯಾಲಿಫೋರ್ನಿಯಾದ ಈ ಕಾಲಂ ಆ ಜಾತಿಯದಲ್ಲ. ಇಲ್ಲಿ ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ. ತಂದೆತಾಯಿ ಹೇಳಿದ್ದೇ ಉತ್ತರ. ಸೀಟಿಗೂ ಅದಕ್ಕೂ ಸಂಬಂಧವಿಲ್ಲ. ಮುಂದೆ ಬದಲಾಯಿಸಬೇಕೆನಿಸಿದರೆ ಶಾಲೆಯ ಆಫೀಸಿಗೆ ಹೇಳಿದರಾಯಿತು.

ಪ್ರಶ್ನೆ ಎರಡಿವೆ, ನಿಧಾನವಾಗಿ ಓದು. ಮೊದಲನೆಯದು, ಮಗು ಹಿಸ್ಪಾನಿಕ್ ಹೌದೋ ಅಲ್ಲವೋ ಅಂತ. ಅಳಿಯಂದಿರ ಅಪ್ಪ ಅಮ್ಮ ಮೆಕ್ಸಿಕೊದವರು, ಹಾಗಾಗಿ ಹೌದು. ಎರಡನೆಯದು ಜನಾಂಗ. ಅದರಲ್ಲಿ ಒಂದೇ ಆರಿಸಬೇಕೆಂದೇನಿಲ್ಲ, ಒಂದಕ್ಕಿಂತ ಹೆಚ್ಚಿಗೂ ಗುರುತು ಹಾಕಬಹುದು. ನಿನ್ನ ಕಡೆಯಿಂದ ‘ಏಷ್ಯನ್ ಇಂಡಿಯನ್’ ಹಾಕು. ಅವರ ಕಡೆಯಿಂದ ಯಾವುದು ಅನ್ನುವುದನ್ನು ಅವರೇ ಹೇಳಲಿ. ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ತುಂಬಬೇಡ. ‘ಅಮೆರಿಕನ್ ಇಂಡಿಯನ್’ ಅಂತ ಇನ್ನೊಂದು ಚೌಕ ಇರುತ್ತದೆ. ಮಗು ಹುಟ್ಟಿದ್ದು ಅಮೆರಿಕದಲ್ಲಿ, ನಾವು ಇಂಡಿಯದವರು, ಸರಿಯಾಯಿತಲ್ಲ ಅಂತ ನಮ್ಮ ಜನ ಅಲ್ಲಿ ಎಡವುವುದುಂಟು. ಅದು ಆ ನೆಲದ ಮೂಲನಿವಾಸಿಗಳ ಚೌಕ.

ತಲೆಬಿಸಿ ಬೇಡ ಅಂತ ಖಾಲಿ ಬಿಡಲು ಹೊರಟಿದ್ದೀಯಂತೆ. ಅದು ಮಾತ್ರ ಬೇಡ. ತಂದೆತಾಯಿ ಉತ್ತರಿಸದಿದ್ದರೆ, ಕೊನೆಗೆ ಶಾಲೆಯವರೇ ಮಗುವನ್ನು ನೋಡಿ ಅಂದಾಜಿನ ಮೇಲೆ ತುಂಬಬೇಕೆಂದು ಅಲ್ಲಿನ ಕೇಂದ್ರ ಶಿಕ್ಷಣ ಇಲಾಖೆಯ 2007ರ ಮಾರ್ಗಸೂಚಿ ಹೇಳುತ್ತದೆ. ಬಾಣಂತಿ ಕೋಣೆಗೆ ಬಂದವರೆಲ್ಲ ಕೂಸಿನ ಕಿವಿಯ ಅಂಚು ನೋಡಿ ಬಣ್ಣ ಹೇಳುತ್ತಿದ್ದರಲ್ಲ, ಅದನ್ನೇ ಆಫೀಸಿನ ಗುಮಾಸ್ತೆಯ ಕೈಲೂ ಮಾಡಿಸಬೇಕೆ?

ಇನ್ನೊಂದು ಸಂಗತಿ ತಿಳಿದಿರು, ಆಮೇಲೆ ಬೇಜಾರಾಗಬಾರದು. ನೀನು ಎಲ್ಲಕ್ಕೂ ಗುರುತು ಹಾಕಿದರೂ, ಹಿಸ್ಪಾನಿಕ್ ಎಂದವರನ್ನು ಉಳಿದ ಗುರುತು ಏನೇ ಇರಲಿ ಹಿಸ್ಪಾನಿಕ್ ಲೆಕ್ಕಕ್ಕೇ ಸೇರಿಸಿ ಮೇಲಕ್ಕೆ ಕಳಿಸುವುದು ಆ ಮಾರ್ಗಸೂಚಿಯ ಪದ್ಧತಿ. ಅಂದರೆ ವಾಷಿಂಗ್ಟನ್ ತಲುಪುವ ಹೊತ್ತಿಗೆ ನಮ್ಮ ಕಡೆಯದು ಕಾಣೆ! ಎರಡು ಪ್ರಶ್ನೆಯನ್ನೂ ಒಂದು ಮಾಡುವ ಹೊಸ ಮಾನದಂಡ 2024ರ ಮಾರ್ಚ್‌ನಲ್ಲಿ ಪ್ರಕಟವಾಯಿತು, ಆದರೆ ಅದು ಶಾಲೆಯ ಫಾರಂವರೆಗೆ ಇಳಿಯಲು ಕಾಲ ಹಿಡಿಯುತ್ತದೆ. ಯಾವ ಗುಂಪಿನ ಮಕ್ಕಳು ಓದಿನಲ್ಲಿ ಹಿಂದೆ ಬೀಳುತ್ತಿದ್ದಾರೆ, ಯಾರಿಗೆ ಹೆಚ್ಚು ಶಿಕ್ಷೆಯಾಗುತ್ತಿದೆ ಅಂತ ನೋಡಲು ಈ ಎಣಿಕೆ ಬೇಕು. ನಿನ್ನ ಮಗ ಯಾರು ಅಂತ ತೀರ್ಮಾನಿಸುವುದಕ್ಕಲ್ಲ.

ತೀರ್ಮಾನಿಸುವ ಯೋಗ್ಯತೆ ಅದಕ್ಕಿದ್ದಿದ್ದರೆ ನಮ್ಮವರ ವಿಷಯದಲ್ಲಿ ಇಷ್ಟು ಸಲ ಮಾತು ಬದಲಿಸುತ್ತಿರಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಎಂದಿತು. 1970ರ ಜನಗಣತಿ ಅದೇ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಹಾಕಿತು. 1980ರಲ್ಲಿ ‘ಏಷ್ಯನ್ ಇಂಡಿಯನ್’ ಚೌಕ ಬಂತು. ಒಬ್ಬರೇ ಎರಡು ಜನಾಂಗಕ್ಕೆ ಗುರುತು ಹಾಕಲು ಜನಗಣತಿ ಒಪ್ಪಿದ್ದು 2000ದಲ್ಲಿ.

ನಿನ್ನ ಮನೆಯ ಬೆರಕೆಯೂ ಹೊಸದೇನಲ್ಲ. ನೂರು ವರ್ಷದ ಹಿಂದೆಯೇ ನಿಮ್ಮ ರಾಜ್ಯದ ಇಂಪೀರಿಯಲ್ ಕಣಿವೆಯಲ್ಲಿ ಪಂಜಾಬಿನ ರೈತರು ಮೆಕ್ಸಿಕೊ ಮೂಲದ ಹೆಣ್ಣುಮಕ್ಕಳನ್ನು ಮದುವೆಯಾಗಿದ್ದರು. ಬಿಳಿಯರನ್ನು ಬೇರೆ ಬಣ್ಣದವರು ಮದುವೆಯಾಗುವುದನ್ನು ಕಾನೂನು ತಡೆಯುತ್ತಿದ್ದ ಕಾಲ. ಲೈಸೆನ್ಸ್ ಬರೆಯುವ ಗುಮಾಸ್ತ ಎದುರು ನಿಂತ ಇಬ್ಬರ ಮೈಬಣ್ಣವೂ ಒಂದೇ ಎನ್ನಿಸಿದರೆ ಬರೆದುಕೊಡುತ್ತಿದ್ದ. ಆ ಮನೆಗಳಲ್ಲಿ ರೊಟ್ಟಿಯೂ ತೊರ್ತಿಯಾವೂ ಒಂದೇ ಒಲೆಯ ಮೇಲೆ ಬೆಂದವು.

ಯಾವ ಚೌಕ ಲಾಭ ಅಂತ ಕೇಳುವ ಸ್ನೇಹಿತರೂ ಇರುತ್ತಾರೆ. ಕಾಲೇಜಿನ ಪ್ರವೇಶಕ್ಕೆ ಜನಾಂಗ ನೋಡುವುದನ್ನು ಸುಪ್ರೀಂ ಕೋರ್ಟು 2023ರಲ್ಲೇ ನಿಲ್ಲಿಸಿದೆ. ಹಾಗಿಲ್ಲದಿದ್ದರೂ ಐದು ವರ್ಷದ ಮಗುವಿನ ಹೆಸರಲ್ಲಿ ಆ ಲೆಕ್ಕಾಚಾರ ನನಗಂತೂ ಹಿಡಿಸದು.

ಅದಕ್ಕಿಂತ ಹೆಚ್ಚು ಗಮನ ಬೇಕಾದ್ದು ಮನೆಮಾತು ಕೇಳುವ ಇನ್ನೊಂದು ಹಾಳೆಗೆ. ಕನ್ನಡ ಅಂತ ಬರೆದರೆ ಮಗನಿಗೆ ಇಂಗ್ಲಿಷ್ ಪರೀಕ್ಷೆ ಮಾಡಬಹುದು. ಆ ಹೆದರಿಕೆಗೇ ‘ಇಂಗ್ಲಿಷ್’ ಅಂತ ಬರೆದು ಕೈತೊಳೆದುಕೊಂಡ ಕನ್ನಡದ ಮನೆಗಳನ್ನು ಕಂಡಿದ್ದೇನೆ. ನೀನು ಇದ್ದದ್ದು ಇದ್ದಹಾಗೆ ಬರೆ. ಅವನ ಇಂಗ್ಲಿಷ್ ಚೆನ್ನಾಗಿದ್ದರೆ ವಿಷಯ ಅಲ್ಲಿಗೇ ಮುಗಿಯಿತು, ಇಲ್ಲದಿದ್ದರೆ ಸಹಾಯ ಕೊಡುತ್ತಾರೆ. ಅಳಿಯಂದಿರ ತಾಯಿ ಅವನ ಜೊತೆ ಸ್ಪ್ಯಾನಿಷ್‌ನಲ್ಲೇ ಮಾತಾಡುತ್ತಾರಲ್ಲ, ಅದನ್ನೂ ಬರೆ. ಕೊಡುವ ಮುಂಚೆ ಎರಡೂ ಹಾಳೆಯ ಫೋಟೊ ತೆಗೆದಿಟ್ಟುಕೊ. ಬೇರೆ ಶಾಲೆಗೆ ಸೇರಿಸುವಾಗ ಏನು ಬರೆದಿದ್ದೆ ಅಂತ ತಡಕಾಡುವುದು ತಪ್ಪುತ್ತದೆ.