ಬೆಳಿಗ್ಗೆ ಮುನಿಸು, ಘಟ್ಟದಲ್ಲಿ ಸುಸ್ತು

ನಿಮ್ಮ 2009ರ ಡೀಸೆಲ್ ಕಾರಿಗೆ ಇರುವುದು ಒಂದಲ್ಲ, ಎರಡು ಕಾಯಿಲೆ. ಪಂಪು, ಇಂಜೆಕ್ಟರ್ ಬಿಚ್ಚಿಸುವ ದುಬಾರಿ ಕೆಲಸ ಕೊನೆಗಿರಲಿ.

ಮಡಿಕೇರಿಯ ಚಳಿಯಲ್ಲಿ ಹತ್ತು ಸಲ ಸೆಲ್ಫ್ ಹೊಡೆದರೆ ಬಿಳಿ ಹೊಗೆ ಉಗುಳಿ ಸ್ಟಾರ್ಟ್ ಆಗುತ್ತದೆ, ಮಧ್ಯಾಹ್ನ ತಕರಾರಿಲ್ಲ ಎಂದಿದ್ದೀರಿ. ಅಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಸರಿಯಾಗಿ ಉರಿಯುತ್ತಿಲ್ಲ. ನನ್ನ ಗುಮಾನಿ ಚಳಿಯಲ್ಲಿ ಸಿಲಿಂಡರನ್ನು ಬಿಸಿ ಮಾಡಿಕೊಡುವ ಗ್ಲೋ ಪ್ಲಗ್ ಮೇಲೆ. ಸಿಲಿಂಡರಿಗೊಂದರಂತೆ ನಾಲ್ಕಿವೆ. ವೈರ್ ಕಳಚಿ ಮಲ್ಟಿಮೀಟರ್ ಹಿಡಿದರೆ ಚೆನ್ನಾಗಿರುವುದು ಸುಮಾರು 1 ಓಮ್ ತೋರಿಸುತ್ತದೆ. ಸುಟ್ಟದ್ದರಲ್ಲಿ ಕರೆಂಟೇ ಹರಿಯದು. ನಾಲ್ಕೂ ಸರಿಯಿದ್ದರೆ ಅವಕ್ಕೆ ಕರೆಂಟ್ ಕೊಡುವ ರಿಲೇ ನೋಡಿಸಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟ್‌ಗಿಂತ ಕೆಳಗಿಳಿದರೆ ಅದನ್ನೂ ಪರೀಕ್ಷಿಸಿ. ಹೊಗೆಯೇ ಬರದಿದ್ದರೆ ಮಾತು ಬೇರೆಯಿತ್ತು, ಆಗ ಡೀಸೆಲ್ ಪೈಪಿನಲ್ಲಿ ಗಾಳಿ ಹುಡುಕಬೇಕಿತ್ತು.

ಇನ್ನು ಎರಡನೆಯ ಕಾಯಿಲೆ, ಘಟ್ಟದಲ್ಲಿ ಕೈಕೊಡುವ ಆಕ್ಸಿಲರೇಟರ್. ನಿಮ್ಮ ಮೆಕ್ಯಾನಿಕ್ ಕೇಬಲ್ ಬದಲಿಸೋಣ ಎಂದರಂತೆ. ನಿಮ್ಮ ಕಾರಿನಲ್ಲಿ ಕೇಬಲ್ಲೇ ಇಲ್ಲ! ಪೆಡಲಿನಲ್ಲಿ ಎರಡು ಸೆನ್ಸರ್‌ಗಳಿವೆ. ಒಂದರ ಲೆಕ್ಕ ಇನ್ನೊಂದಕ್ಕೆ ತಾಳೆಯಾಗದಿದ್ದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಂಜಿನ್ನಿನ ಶಕ್ತಿ ಕಡಿಮೆ ಮಾಡಿಬಿಡುತ್ತದೆ, ಎಷ್ಟು ತುಳಿದರೂ ಗಾಡಿ ಎಳೆಯುವುದಿಲ್ಲ. ಕೀ ಆಫ್ ಮಾಡಿ ಮತ್ತೆ ಹಾಕಿದಾಗ ಸರಿಹೋಗುವುದೂ ಇದಕ್ಕೆ ಹೊಂದುತ್ತದೆ. ಸ್ಕ್ಯಾನರಿನಲ್ಲಿ ಪಿ2138 ಕೋಡ್ ಬಂದರೆ ಮೊದಲು ಪೆಡಲಿನ ಕನೆಕ್ಟರ್ ಸ್ವಚ್ಛ ಮಾಡಿಸಿ, ಆಮೇಲೆ ಹೊಸ ಪೆಡಲಿನ ಯೋಚನೆ.

ಅಲ್ಲಿಯವರೆಗೆ ಘಟ್ಟದಲ್ಲಿ ಓವರ್‌ಟೇಕ್ ಮಾಡಬೇಡಿ.